ಮಕ್ಕಳ ಮುಂದೆ ಪತಾಕೆ, ಹಿಂದೆ ಇಡೀ ಊರು

ಕೇಳುಗರಿಗೆ ನಮಸ್ಕಾರ. ಉತ್ತರ ಇಂಗ್ಲೆಂಡಿನ ಗಿರಣಿ ಪಟ್ಟಣಗಳಲ್ಲಿ ವರ್ಷಕ್ಕೊಮ್ಮೆ ಚರ್ಚಿನವರೆಲ್ಲ ಪತಾಕೆ ಹಿಡಿದು, ಬ್ಯಾಂಡಿನೊಡನೆ, ಊರ ಬೀದಿಗಳಲ್ಲಿ ಮೆರವಣಿಗೆ ಹೊರಡುವ ಪದ್ಧತಿಯಿದೆ. ಜನ ಅದನ್ನು ‘ವಾಕಿಂಗ್ ಡೇ’ ಎನ್ನುತ್ತಾರೆ. ಈಸ್ಟರ್ ಕಳೆದು ಏಳು ವಾರಕ್ಕೆ ಬರುವ ಪೆಂಟೆಕೋಸ್ಟ್ ಹಬ್ಬದ ವಾರದಲ್ಲಿ ನಡೆಯುವುದಕ್ಕೆ ‘ವಿಟ್ ವಾಕ್’ ಎಂಬ ಹೆಸರಿದೆ. ಅಂಥದೊಂದು ಸಣ್ಣ ಪಟ್ಟಣದಲ್ಲಿ ಕೆಲವು ವರ್ಷ ವಾಸವಾಗಿದ್ದಾಗ ನಾನು ಕಂಡದ್ದನ್ನೂ, ನೆರೆಮನೆಯ ಹಿರಿಯ ಮಹಿಳೆಯೊಬ್ಬರು ತಮ್ಮ ಬಾಲ್ಯದ ಬಗ್ಗೆ ಹೇಳಿದ್ದನ್ನೂ ಇಂದು ನಿಮ್ಮ ಮುಂದಿಡುತ್ತೇನೆ.

ಈ ಮೆರವಣಿಗೆ ಹುಟ್ಟಿದ್ದು ಸಂಡೇ ಸ್ಕೂಲುಗಳಿಂದ. 1780ರಲ್ಲಿ ಗ್ಲಾಸ್ಟರ್ ನಗರದಲ್ಲಿ ರಾಬರ್ಟ್ ರೈಕ್ಸ್ ಆರಂಭಿಸಿದ ಶಾಲೆ ಬೇಗನೆ ದೇಶಕ್ಕೆಲ್ಲ ಮಾದರಿಯಾಯಿತು, ಏಕೆಂದರೆ ವಾರದ ಆರು ದಿನವೂ ದುಡಿಯುತ್ತಿದ್ದ ಮಕ್ಕಳಿಗೆ ಅಕ್ಷರ ಕಲಿಯಲು ಭಾನುವಾರವೊಂದೇ ಬಿಡುವಾಗಿತ್ತು. ಮ್ಯಾಂಚೆಸ್ಟರಿನ ಮಕ್ಕಳು 1801ರಲ್ಲಿ ಮೊದಲ ಬಾರಿಗೆ ಹೀಗೆ ಸಾಲುಗಟ್ಟಿ ನಡೆದರು. ವಾರಿಂಗ್ಟನ್ ಪಟ್ಟಣದಲ್ಲಿ 1830ರ ದಶಕದಲ್ಲಿ ಅಲ್ಲಿಯ ಧರ್ಮಗುರು ಹೊರೇಶಿಯೊ ಪೊವಿಸ್ ಈ ಪದ್ಧತಿಯನ್ನು ತಂದದ್ದಕ್ಕೆ ಇನ್ನೊಂದು ಕಾರಣವಿತ್ತು: ನ್ಯೂಟನ್ ಎಂಬಲ್ಲಿ ನಡೆಯುತ್ತಿದ್ದ ಕುದುರೆ ರೇಸಿನ ಕುಡಿತ, ಜೂಜುಗಳಿಂದ ಮಕ್ಕಳನ್ನು ದೂರವಿಡಬೇಕಾಗಿತ್ತು.

ನನ್ನ ನೆರೆಮನೆಯವರ ನೆನಪಿನಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ ಉಳಿದಿದ್ದುದು ಹೊಸ ಬಟ್ಟೆ. ಗಿರಣಿಯ ಕೂಲಿಯಲ್ಲಿ ಮನೆ ನಡೆಸುತ್ತಿದ್ದ ಅವರ ತಾಯಿ ವಾರವಾರವೂ ಬಟ್ಟೆಯ ಚೀಟಿಗೆ ಕೆಲವು ಪೆನ್ನಿಗಳನ್ನು ಕಟ್ಟಿ, ಹಬ್ಬದ ಹೊತ್ತಿಗೆ ಮಗಳಿಗೆ ಬಿಳಿಯ ಫ್ರಾಕು ಹೊಲಿಸುತ್ತಿದ್ದರಂತೆ. ಬೆಳಿಗ್ಗೆ ಅದನ್ನು ತೊಟ್ಟು ಮನೆಮನೆಗೆ ಹೋಗಿ ನಿಂತರೆ, ನೆರೆಯವರು ಬಟ್ಟೆ ನೋಡಿ ಮೆಚ್ಚಿ, ಜೇಬಿಗೆ ಒಂದು ಪೆನ್ನಿ ಹಾಕುತ್ತಿದ್ದರು. ಆ ಫ್ರಾಕೇ ಮುಂದೆ ವರ್ಷವಿಡೀ ಭಾನುವಾರದ ಉಡುಪಾಗುತ್ತಿದ್ದುದರಿಂದ, ಮಳೆ ಬಂದರೆ ಮಕ್ಕಳಿಗಿಂತ ತಾಯಂದಿರಿಗೇ ಹೆಚ್ಚು ಸಂಕಟ. ವರ್ಷವೆಲ್ಲ ಹೊಗೆ, ಹತ್ತಿಯ ಧೂಳುಗಳ ನಡುವೆ ಬದುಕುತ್ತಿದ್ದ ಬಡವರು, ನಮ್ಮ ಮಕ್ಕಳನ್ನು ನೋಡಿ ಎಂದು ಊರಿನ ಮುಂದೆ ತಲೆಯೆತ್ತಿ ಹೇಳಿದ ದಿನ ಅದು. ಭಕ್ತಿಯಷ್ಟೇ ಈ ಅಭಿಮಾನವೂ ಮೆರವಣಿಗೆಯನ್ನು ನಡೆಸಿತೆಂದು ನಾನು ನಂಬುತ್ತೇನೆ.

ಮೆರವಣಿಗೆಯ ಕೇಂದ್ರ ಪತಾಕೆ. ಅಗಲವಾದ ರೇಷ್ಮೆಯ ಮೇಲೆ ಮಕ್ಕಳನ್ನು ಹತ್ತಿರ ಕರೆಯುವ ಯೇಸುವಿನ ಚಿತ್ರ. ಎರಡು ಬದಿಗೆ ಎತ್ತರದ ಕೋಲುಗಳು. ಹೊರುವವರು ಹೆಗಲಿನಿಂದ ಇಳಿಬಿಟ್ಟ ಚರ್ಮದ ಪಟ್ಟಿಯ ಗೂಡಿನಲ್ಲಿ ಕೋಲಿನ ಬುಡವನ್ನು ಊರಿಕೊಂಡು ನಡೆಯುತ್ತಾರೆ, ಮುಂದೆಯೂ ಹಿಂದೆಯೂ ಕೆಲವರು ಹಗ್ಗ ಹಿಡಿದಿರುತ್ತಾರೆ, ಪುಟ್ಟ ಹುಡುಗಿಯರು ರಿಬ್ಬನ್ನಿನ ತುದಿ ಹಿಡಿದು ಪಕ್ಕದಲ್ಲಿ ಬರುತ್ತಾರೆ. ಓಣಿ ಮುಗಿದು ಬಯಲಿನ ರಸ್ತೆ ಸಿಕ್ಕ ಕೂಡಲೇ ಗಾಳಿ ರೇಷ್ಮೆಯೊಳಗೆ ತುಂಬಿಕೊಂಡು, ಹೊತ್ತವರು ಹಿಂದಕ್ಕೆ ಜರುಗಿ, ಹಗ್ಗದವರು ಕಾಲೂರಿ ಎಳೆಯುತ್ತಿದ್ದುದನ್ನು ನಾನು ನೋಡಿದ್ದೇನೆ. ಬೀದಿ ಕೂಡುವಲ್ಲಿ ಎಲ್ಲರೂ ನಿಂತು ಕೀರ್ತನೆ ಹಾಡುವಾಗ, ಎಂದೂ ಚರ್ಚಿಗೆ ಕಾಲಿಡದವರು ಕೂಡ ಬಾಗಿಲಿಗೆ ಬಂದು ದನಿಗೂಡಿಸುತ್ತಿದ್ದರು.

ಹಿಂದೆ ಮ್ಯಾಂಚೆಸ್ಟರಿನಲ್ಲಿ ಪ್ರಾಟೆಸ್ಟಂಟರು ಸೋಮವಾರ, ಕ್ಯಾಥೊಲಿಕರು ಶುಕ್ರವಾರ ಬೇರೆಬೇರೆಯಾಗಿ ನಡೆಯುತ್ತಿದ್ದರು. ಈಗ ಹಲವೆಡೆ ಎಲ್ಲ ಪಂಗಡಗಳೂ ಜೊತೆಗೂಡಿವೆ. ಈ ಬದಲಾವಣೆ ನನಗೆ ಬಹಳ ಸಂತೋಷ ಕೊಟ್ಟಿದೆ. ಆದರೆ ಗಿರಣಿಗಳು ಮುಚ್ಚಿದವು, ಸಂಡೇ ಸ್ಕೂಲುಗಳು ಬರಿದಾದವು, ಪೆಂಟೆಕೋಸ್ಟ್ ಸೋಮವಾರದ ಸಾರ್ವಜನಿಕ ರಜೆಯೂ 1971ರ ಕಾಯಿದೆಯಿಂದ ಮೇ ತಿಂಗಳ ಕೊನೆಯ ಸೋಮವಾರಕ್ಕೆ ಹೋಯಿತು. ಹಾಗಿದ್ದರೂ ಸ್ಯಾಡಲ್‌ವರ್ತ್ ಹಳ್ಳಿಗಳಲ್ಲಿ ಹಬ್ಬದ ಶುಕ್ರವಾರ ಬೆಳಿಗ್ಗೆ ಇಂದಿಗೂ ಮೆರವಣಿಗೆ ಹೊರಡುತ್ತದೆ, ಸಂಜೆ ಹಿತ್ತಾಳೆ ವಾದ್ಯದ ಬ್ಯಾಂಡುಗಳು ಊರಿಂದೂರಿಗೆ ಬಸ್ಸಿನಲ್ಲಿ ಹೋಗಿ ಸ್ಪರ್ಧೆಯಲ್ಲಿ ನುಡಿಸುತ್ತವೆ. ಕೇಳುಗರಲ್ಲಿ ಯಾರಾದರೂ ಆ ಕಾಲಕ್ಕೆ ಅತ್ತ ಹೋದರೆ, ಸಂಜೆಯ ಸ್ಪರ್ಧೆಗಷ್ಟೇ ಕಾಯದೆ ಬೆಳಗಿನ ಮೆರವಣಿಗೆಗೂ ಹೋಗಿ ನಿಲ್ಲಿ ಎಂದು ಕೋರುತ್ತೇನೆ. ನಮಸ್ಕಾರ.