ಸ್ಟೀರಿಂಗ್ ಗಟ್ಟಿಯಾಯಿತಾ? ಮೊದಲು ಅರ್ತಿಂಗ್ ನೋಡಿ

ಕೇಳುಗರಿಗೆ ನಮಸ್ಕಾರ.

ನನಗೆ 15 ನಿಮಿಷ ಕೊಟ್ಟಿದ್ದಾರೆ. ಹಳೆ ಹೈಬ್ರಿಡ್ ಎಸ್‌ಯುವಿಗಳ ಪವರ್ ಸ್ಟೀರಿಂಗ್ ಕೈಕೊಡುವುದರ ಬಗ್ಗೆ ಮಾತಾಡಬೇಕಂತೆ. ಹೈಬ್ರಿಡ್ ಅಂದರೆ ಪೆಟ್ರೋಲ್ ಇಂಜಿನ್ನೂ ಬ್ಯಾಟರಿಯಲ್ಲಿ ಓಡುವ ಮೋಟಾರೂ ಎರಡೂ ಇರುವ ಗಾಡಿ. ನಮ್ಮ ಕಾಸರಗೋಡಿಗೆ ಸಪ್ತಭಾಷೆಗಳ ನಾಡು ಅಂತ ಹೆಸರಿದೆ ಅಲ್ವಾ, ಆ ಏಳು ಭಾಷೆಯಲ್ಲೂ ಸ್ಟೀರಿಂಗಿಗೆ ಸ್ಟೀರಿಂಗ್ ಅಂತಲೇ ಹೇಳುವುದು. ಹಾಗಾಗಿ ಶಬ್ದಕ್ಕೆ ಪರದಾಡಬೇಕಾಗಿಲ್ಲ.

ಅಂಗಳದಲ್ಲಿ ಕೂತು ಅಡಿಕೆ ಸುಲಿಯುತ್ತ ರೇಡಿಯೊ ಕೇಳುವವರು ಇದ್ದೀರಿ. ನಮಗೆಲ್ಲಿಂದ ಹೈಬ್ರಿಡ್ ಗಾಡಿ ಮಾರಾಯ್ರೇ ಅಂತ ರೇಡಿಯೊ ಬಂದ್ ಮಾಡಬೇಡಿ. ನಿಮ್ಮ ಮನೆಯ ಸಣ್ಣ ಕಾರಿನಲ್ಲೂ ಈಗ ಹೆಚ್ಚಾಗಿ ಇದೇ ಜಾತಿಯ ಸ್ಟೀರಿಂಗ್ ಇರುವುದು. ಕರೆಂಟಿನದ್ದು.

ನಾನು ಹೇಳುವುದು ಒಂದೇ ಮಾತು. ಸ್ಟೀರಿಂಗ್ ಗಟ್ಟಿಯಾದರೆ ಸ್ಟೀರಿಂಗ್ ಬಿಚ್ಚಬೇಡಿ. ಮೊದಲು 12 ವೋಲ್ಟಿನ ಸಣ್ಣ ಬ್ಯಾಟರಿ ನೋಡಿ, ಆಮೇಲೆ ಅರ್ತಿಂಗ್, ಅಂದರೆ ಕರೆಂಟು ಬ್ಯಾಟರಿಗೆ ವಾಪಸ್ ಹೋಗುವ ಕಪ್ಪು ವೈರಿನ ದಾರಿ, ನೋಡಿ. ಇದನ್ನು ಇವತ್ತು ಇನ್ನೂ ನಾಲ್ಕು ಸಲ ಹೇಳುತ್ತೇನೆ, ಬೇಜಾರು ಮಾಡಬೇಡಿ. ಹುಡುಗರಿಗೆ ಮೋಟಾರು ರಿಪೇರಿ ಕಲಿಸಿ ಅಭ್ಯಾಸ, ಒಂದು ಸಲ ಹೇಳಿದ್ದು ಯಾರ ತಲೆಗೂ ಹೋಗುವುದಿಲ್ಲ ಅಂತ ಗೊತ್ತು.

ಮೊದಲು ಈ ಪವರ್ ಸ್ಟೀರಿಂಗ್ ಅಂದರೆ ಎಂತ ಅಂತ ನೋಡುವ. ಹಿಂದೆ ಅಂಬಾಸಿಡರ್ ಓಡಿಸಿದವರಿಗೆ ಗೊತ್ತು, ನಿಂತಲ್ಲೇ ಚಕ್ರ ತಿರುಗಿಸಬೇಕಾದರೆ ಭುಜ ಬಿದ್ದು ಹೋಗುತ್ತಿತ್ತು. 1951ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪೆನಿ ಎಣ್ಣೆಯ ಒತ್ತಡದಿಂದ ನಡೆಯುವ ಪವರ್ ಸ್ಟೀರಿಂಗನ್ನು ಕಾರಿಗೆ ಹಾಕಿ ಮಾರಲು ಶುರು ಮಾಡಿತು. ಅದರಲ್ಲಿ ಒಂದು ಪಂಪು. ಆ ಪಂಪನ್ನು ಇಂಜಿನ್ನಿನ ಬೆಲ್ಟು ತಿರುಗಿಸಬೇಕು. ಇಂಜಿನ್ ನಿಂತರೆ ಪಂಪೂ ನಿಂತಿತು.

ಹೈಬ್ರಿಡ್ ಗಾಡಿಯಲ್ಲಿ ಇದು ನಡೆಯುವುದಿಲ್ಲ. ಯಾಕೆ? ಅದರ ಇಂಜಿನ್ ಸಿಗ್ನಲ್ಲಿನಲ್ಲಿ ನಿಲ್ಲುತ್ತದೆ, ಇಳಿಜಾರಿನಲ್ಲಿ ನಿಲ್ಲುತ್ತದೆ, ನಿಧಾನ ಹೋಗುವಾಗ ಬರೀ ಬ್ಯಾಟರಿಯಲ್ಲೇ ಓಡುತ್ತದೆ. ಹಾಗೆ ನಿಂತಾಗೆಲ್ಲ ಸ್ಟೀರಿಂಗ್ ಕಲ್ಲಾದರೆ ಆಗುತ್ತದಾ? ಅದಕ್ಕೇ ಎಣ್ಣೆ ಬಿಟ್ಟು ಕರೆಂಟ್ ಮೋಟಾರು ಇಟ್ಟರು. ಇದೇನೂ ಹೈಬ್ರಿಡ್‌ಗೆಂದೇ ಹುಟ್ಟಿದ್ದಲ್ಲ. ಜಪಾನಿನಲ್ಲಿ 1988ರಲ್ಲೇ ಸುಜುಕಿಯ ಸೆರ್ವೊ ಎಂಬ ಪುಟ್ಟ ಕಾರಿಗೆ ಇದು ಬಂದಿತ್ತು.

ಇನ್ನು ಅದರ ಕೆಲಸ. ನಿಮ್ಮ ಅಡಿಕೆ ಕೊಯ್ಯುವ ದೋಟಿ ಇದೆಯಲ್ಲ, ಅದರ ಬುಡ ಹಿಡಿದು ಸ್ವಲ್ಪ ತಿರುಚಿ ನೋಡಿ. ಬುಡ ಮೊದಲು ತಿರುಗುತ್ತದೆ, ತುದಿಯ ಕತ್ತಿ ಒಂದು ಕ್ಷಣ ಬಿಟ್ಟು ತಿರುಗುತ್ತದೆ. ನಡುವೆ ದೋಟಿ ಒಂಚೂರು ತಿರುಚಿಕೊಳ್ಳುತ್ತದೆ. ಸ್ಟೀರಿಂಗಿನ ಒಳಗೂ ಹಾಗೆ ತಿರುಚಿಕೊಳ್ಳುವ ಒಂದು ಸಣ್ಣ ಉಕ್ಕಿನ ಸರಳು ಉಂಟು. ಅದು ಎಷ್ಟು ತಿರುಚಿತು ಅಂತ ಅಳೆಯುವುದು ಟಾರ್ಕ್ ಸೆನ್ಸರ್. ಅಳೆದು ಕಂಟ್ರೋಲ್ ಯೂನಿಟ್ಟಿಗೆ ಹೇಳುತ್ತದೆ, ಯೂನಿಟ್ ಮೋಟಾರಿಗೆ ಹೇಳುತ್ತದೆ, ಮೋಟಾರು ನಿಮ್ಮ ಕೈಗೆ ಕೈ ಸೇರಿಸುತ್ತದೆ. ಇಷ್ಟೇ.

ಆದರೆ ಈ ಮೋಟಾರಿಗೆ ಹಸಿವು ಜಾಸ್ತಿ. ಒಂದು ಹೆಡ್‌ಲೈಟ್ ಬಲ್ಬು ತಿನ್ನುವುದು ಸುಮಾರು 5 ಆಂಪಿಯರ್. ದೊಡ್ಡ ಗಾಡಿಯನ್ನು ನಿಂತಲ್ಲೇ ತಿರುಗಿಸುವಾಗ ಈ ಮೋಟಾರು 70, 80 ಆಂಪಿಯರ್ ಎಳೆಯುತ್ತದೆ. ಅಷ್ಟು ಕರೆಂಟು ಬರಲಿಕ್ಕೂ ದಾರಿ ಬೇಕು, ವಾಪಸ್ ಹೋಗಲಿಕ್ಕೂ ದಾರಿ ಬೇಕು. ಬರುವ ದಾರಿಯನ್ನು ಎಲ್ಲರೂ ನೋಡುತ್ತಾರೆ. ಹೋಗುವ ದಾರಿಯನ್ನು, ಅಂದರೆ ಅರ್ತಿಂಗನ್ನು, ಯಾರೂ ನೋಡುವುದಿಲ್ಲ. ನನ್ನ ಇಡೀ ತಕರಾರು ಇದೇ.

ಒಂದು ಕಥೆ ಹೇಳುತ್ತೇನೆ. ಎರಡು ಮೂರು ವರ್ಷದ ಹಿಂದಿನದ್ದು. ನನ್ನ ಹಳೆ ಸ್ನೇಹಿತರೊಬ್ಬರು ಇದ್ದಾರೆ, ಶಾರ್ಜಾದಲ್ಲಿ ನಾನು ಗ್ಯಾರೇಜಿನಲ್ಲಿದ್ದಾಗಿನ ಪರಿಚಯ. ವಯಸ್ಸಿನಲ್ಲಿ ನನಗಿಂತ ದೊಡ್ಡವರು, ನಾನು ಇಚ್ಚ ಅಂತಲೇ ಕರೆಯುವುದು. ಅವರು ಗಲ್ಫಿನಿಂದ ಬರುವಾಗ ಕಾರ್ನೆಟ್, ಅಂದರೆ ಹೊರದೇಶದ ಗಾಡಿಯನ್ನು ಸ್ವಲ್ಪ ಕಾಲಕ್ಕೆ ಮಾತ್ರ ತರುವ ಕಾಗದ, ಮಾಡಿಸಿ ಅಲ್ಲಿಯ ಗಾಡಿಯನ್ನೇ ಹಡಗಿನಲ್ಲಿ ಊರಿಗೆ ತಂದಿದ್ದರು. ಹಳೆ ಹೈಬ್ರಿಡ್ ಎಸ್‌ಯುವಿ, ಎಡಗಡೆ ಸ್ಟೀರಿಂಗ್, ಅರಬಿ ನಂಬರ್ ಪ್ಲೇಟು. ಕುಂಬಳೆ ಪೇಟೆಯಲ್ಲಿ ನಿಲ್ಲಿಸಿದರೆ ಮಕ್ಕಳು ಸುತ್ತ ಸೇರುತ್ತಿದ್ದರು. ಕಂಪೆನಿ ಯಾವುದು ಅಂತ ಕೇಳಬೇಡಿ, ಹೇಳುವುದಿಲ್ಲ. ಕಾರ್ನೆಟ್‌ನಲ್ಲಿ 6 ತಿಂಗಳು ಮಾತ್ರ ಗಾಡಿ ಇಲ್ಲಿ ಇರಬಹುದು. ಆಮೇಲೆ ವಾಪಸ್ ಕಳಿಸಲೇಬೇಕು.

ಜುಲೈ ತಿಂಗಳು, ಹೊರಗೆ ಧೋ ಅಂತ ಮಳೆ. ರಾತ್ರಿ ಒಂಬತ್ತಕ್ಕೆ ಫೋನು.

"ಮಾಷೇ, ವಂಡಿ ಕೈಕೊಟ್ಟಿತು."

"ಎಂತ ಆಯಿತು ಇಚ್ಚ?"

"ಸ್ಟೀರಿಂಗ್ ಬಂಡೆ ಆಗಿದೆ. ವರ್ಕ್‌ಶಾಪಿನವರು ಇಡೀ ಸೆಟ್ಟೇ ಬದಲಿಸಬೇಕು ಅಂತಾರೆ. ಎರಡೂವರೆ ಲಕ್ಷ. ಹೊರಗಿನಿಂದ ಬರಬೇಕು, ಎರಡು ತಿಂಗಳು."

ಅವರ ಕಾಗದದಲ್ಲಿ ಉಳಿದಿದ್ದದ್ದೇ ಒಂದೂವರೆ ತಿಂಗಳು!

ಬೆಳಿಗ್ಗೆ ಹೋದೆ. ಕಡಲ ಬದಿಯ ಮನೆ, ಸಿಟೌಟಿನಲ್ಲಿ ಕೂತರೆ ಅಲೆಯ ಸದ್ದು ಕೇಳುತ್ತದೆ. ಅವರ ಉಮ್ಮ ತಿನ್ನಲಿಕ್ಕೆ ಕಲ್ತಪ್ಪ, ಜೊತೆಗೆ ಚಾ ಕೊಟ್ಟರು. ನಾನು ಗಾಡಿಯ ಹತ್ತಿರ ಹೋಗುವ ಮೊದಲು ಇಚ್ಚನನ್ನು ಎದುರು ಕೂರಿಸಿ ಬರೀ ಪ್ರಶ್ನೆ ಕೇಳಿದೆ. ಯಾವಾಗ ಗಟ್ಟಿಯಾಗುತ್ತದೆ? ಹಗಲಿಗಿಂತ ರಾತ್ರಿ ಜಾಸ್ತಿ. ಬಿಸಿಲಿಗಿಂತ ಮಳೆಗೆ ಜಾಸ್ತಿ. ರಸ್ತೆಯಲ್ಲಿ ಸೀದಾ ಹೋಗುವಾಗ ಏನೂ ಇಲ್ಲ, ಗೇಟಿನೊಳಗೆ ತಿರುಗಿಸುವಾಗ ಲೈಟು ಬಂದು ಗಟ್ಟಿಯಾಗುತ್ತದೆ. ಬಂದ್ ಮಾಡಿ ಚಾಲೂ ಮಾಡಿದರೆ ಸ್ವಲ್ಪ ಹೊತ್ತು ಸರಿ.

ನನಗೆ ಅಲ್ಲೇ ಅರ್ಧ ಗೊತ್ತಾಯಿತು. ರಾತ್ರಿ ಮಳೆಗೆ ಎಂತೆಲ್ಲ ಓಡುತ್ತಿರುತ್ತದೆ? ಹೆಡ್‌ಲೈಟು, ವೈಪರು, ಗಾಜಿನ ಮಂಜು ತೆಗೆಯುವ ಫ್ಯಾನು. ಅದರ ಮೇಲೆ ಗೇಟಿನಲ್ಲಿ ಈ ಮೋಟಾರು 80 ಆಂಪಿಯರ್ ಕೇಳುತ್ತದೆ. ಹಾಳಾದ ಮೋಟಾರಿಗೆ ಹಗಲು ರಾತ್ರಿ ಅಂತ ಉಂಟಾ? ಇದು ಹೊಟ್ಟೆಗೆ ಸಾಲದ ಮೋಟಾರು.

"ಬ್ಯಾಟರಿ ನೋಡುವ" ಅಂದೆ. ಇಚ್ಚ ನಕ್ಕರು. "ಮಾಷೇ, ವರ್ಕ್‌ಶಾಪಿನವರು ಮೊದಲು ಬದಲಿಸಿದ್ದೇ ಬ್ಯಾಟರಿ. ಬಿಲ್ಲು ಉಂಟು ನೋಡಿ."

ಮೀಟರ್ ಇಟ್ಟೆ. ಹೊಸ ಬ್ಯಾಟರಿ ಹೌದು. ಗಾಡಿ ಚಾಲೂ ಮಾಡಿ ರೆಡಿ ಅಂತ ತೋರಿಸಿದಾಗ 14.1 ವೋಲ್ಟು. ಒಂದು ಕ್ಷಣ ನನಗೂ ಮುಖ ಸಣ್ಣದಾಯಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ಮೀಟರಿನ ಕಪ್ಪು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಮೇಲೆ ಇಟ್ಟೆ, ಕೆಂಪು ಕಡ್ಡಿಯನ್ನು ಸ್ಟೀರಿಂಗಿನಿಂದ ಬರುವ ದಪ್ಪ ಕಪ್ಪು ವೈರಿನ ತುದಿಗೆ. ಎರಡೂ ಮೈನಸ್ಸೇ. ನಡುವೆ ಏನೂ ತೋರಿಸಬಾರದು. ಇಚ್ಚನ ಅಳಿಯನಿಗೆ ನಿಂತಲ್ಲೇ ಸ್ಟೀರಿಂಗ್ ತಿರುಗಿಸು ಅಂದೆ. ಅವನು ತಿರುಗಿಸಿದ. ಮೀಟರಿನಲ್ಲಿ 1, 2, 3... 4 ವೋಲ್ಟಿನ ಹತ್ತಿರ ಹೋಯಿತು!

14ರಲ್ಲಿ 4 ದಾರಿಯಲ್ಲೇ ಹೋದರೆ ಸ್ಟೀರಿಂಗಿಗೆ ಸಿಗುವುದು 10. ಅದರ ಮೇಲೆ ಲೈಟು, ವೈಪರು. ಅರ್ಧಂಬರ್ಧ ಕರೆಂಟಿನಲ್ಲಿ ಏನಾದರೂ ಎಡವಟ್ಟು ಮಾಡುವ ಬದಲು ಪೂರ್ತಿ ಕೈಬಿಡುವ ಹಾಗೆಯೇ ಆ ಯೂನಿಟನ್ನು ಮಾಡಿರುವುದು. ಅದು ಅದರ ಕೆಲಸ ಸರಿಯಾಗಿಯೇ ಮಾಡಿತ್ತು, ಪಾಪ.

ವೈರು ಹಿಡಿದುಕೊಂಡು ಹೋದೆ. ಹೆಡ್‌ಲೈಟಿನ ಹಿಂದೆ, ಮೇಲಿನಿಂದ ಕಾಣದ ಮೂಲೆಯಲ್ಲಿ, ನಾಲ್ಕು ಕಪ್ಪು ವೈರು ಒಂದೇ ಬೋಲ್ಟಿಗೆ. ಬೋಲ್ಟಿನ ಸುತ್ತ ಪಾಚಿ ಬಣ್ಣದ ಹುಡಿ, ಅದರ ಕೆಳಗೆ ಬಿಳಿ ಹುಡಿ, ಅದರ ಕೆಳಗೆ ತುಕ್ಕು. ಬೆರಳಿನಿಂದ ಮುಟ್ಟಿದರೆ ವೈರಿನ ಲಗ್ಗು, ಅಂದರೆ ತುದಿಯ ಬಳೆ, ಅಲ್ಲಾಡುತ್ತದೆ. ಹತ್ತಾರು ವರ್ಷ ಗಲ್ಫಿನ ಕಡಲ ಗಾಳಿ, ಹಡಗಿನ ಉಪ್ಪು, ಆಮೇಲೆ ನಮ್ಮ ಕುಂಬಳೆಯ ಮಳೆ. ಇನ್ನೆಂತ ಆಗಬೇಕು?

10ರ ಸ್ಪ್ಯಾನರಿನಲ್ಲಿ ಬಿಚ್ಚಿದೆ. ಎಮರಿ ಪೇಪರಿನಲ್ಲಿ ಬಾಡಿಯ ಕಬ್ಬಿಣ ಬೆಳ್ಳಗೆ ಹೊಳೆಯುವ ತನಕ ತಿಕ್ಕಿದೆ. ಹೊಸ ಲಗ್ಗು, ಹೊಸ ಬೋಲ್ಟು, ಮೇಲೆ ವ್ಯಾಸಲೀನು. ಸಾಮಾನಿಗೆ ಖರ್ಚಾದದ್ದು 180 ರೂಪಾಯಿ. ಮತ್ತೆ ಮೀಟರ್ ಇಟ್ಟು ತಿರುಗಿಸಿದರೆ 0.1. ಇಚ್ಚ ಮೀಟರನ್ನು ನೋಡಿದರು, ನನ್ನನ್ನು ನೋಡಿದರು, ವರ್ಕ್‌ಶಾಪಿನ ಎಸ್ಟಿಮೇಟ್ ಕಾಗದವನ್ನು ನಾಲ್ಕು ಮಡಚಿ ಕಿಸೆಗೆ ಹಾಕಿದರು. ಅದರಲ್ಲಿ ಸ್ಕ್ಯಾನರ್ ತೋರಿಸಿದ ದೋಷ ಎರಡು ಸಾಲು ಇತ್ತು. ಮೊದಲನೇ ಸಾಲು ಸ್ಟೀರಿಂಗಿನದ್ದು. ಎರಡನೇ ಸಾಲು, ವೋಲ್ಟೇಜ್ ಕಡಿಮೆ ಅಂತ. ಅಚ್ಚಾಗಿದೆ, ಕಣ್ಣೆದುರು ಇದೆ, ಓದುವವರು ಇಲ್ಲ. ನನಗೆ ಈಗಲೂ ಸಿಟ್ಟು ಬರುತ್ತದೆ.

ಆಮೇಲೆ ಪರೀಕ್ಷೆಗೆ ಅಂತ ಸೀತಾಂಗೋಳಿ, ಬದಿಯಡ್ಕ ದಾಟಿ ಪೆರ್ಲದ ತನಕ ಹೋದೆವು. ಎಡಗಡೆ ಕೂತು ಓಡಿಸಿದರೆ ಮುಂದಿನ ಲಾರಿಯ ಆಚೆ ಎಂತ ಬರುತ್ತದೆ ಅಂತ ಕಾಣುವುದಿಲ್ಲ. ಅಳಿಯ ಬಲಗಡೆ ಕೂತು ಕಿಟಕಿಯಿಂದ ತಲೆ ಹೊರಗೆ ಹಾಕಿ "ಬನ್ನಿ, ಬನ್ನಿ, ಬೇಡ ಬೇಡ" ಅನ್ನುತ್ತಿದ್ದ, ಹಳೆ ಬಸ್ಸಿನ ಕಿಳಿಯ, ಅಂದರೆ ಕ್ಲೀನರಿನ ಹಾಗೆ. ಪೂರ್ತಿ ಒದ್ದೆಯಾದ. ತಿರುವುಗಳಲ್ಲಿ ಸ್ಟೀರಿಂಗ್ ಬೆಣ್ಣೆ.

ಗಾಜಿನ ಆಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಕಥೆ ಉದ್ದ ಆಯಿತು ಅಂತ ಕಾಣುತ್ತದೆ. ಉಳಿದದ್ದು ಬೇಗ ಬೇಗ ಹೇಳುತ್ತೇನೆ.

ಒಂದು, ಓಡುತ್ತಿರುವಾಗಲೇ ಗಟ್ಟಿಯಾದರೆ ಹೆದರಬೇಡಿ. ಹೋಗುವುದು ಪವರ್, ಸ್ಟೀರಿಂಗ್ ಅಲ್ಲ. ಚಕ್ರಕ್ಕೂ ನಿಮ್ಮ ಕೈಗೂ ಉಕ್ಕಿನ ಸಂಬಂಧ ಹಾಗೇ ಇರುತ್ತದೆ. ಎರಡೂ ಕೈಯಲ್ಲಿ ಬಲವಾಗಿ ಹಿಡಿದು, ವೇಗ ಇಳಿಸಿ ಬದಿಗೆ ಬನ್ನಿ. ಗಾಡಿ ನಿಲ್ಲುವ ಮೊದಲು ಸ್ವಿಚ್ ಬಂದ್ ಮಾಡಬೇಡಿ.

ಮತ್ತೊಂದು, ಇಂಥ ಹೈಬ್ರಿಡ್‌ನಲ್ಲಿ ಆಲ್ಟರ್ನೇಟರ್, ಅಂದರೆ ಇಂಜಿನ್ನಿನ ಬೆಲ್ಟಿನಿಂದ ತಿರುಗಿ ಚಾರ್ಜ್ ಕೊಡುವ ಡೈನಮೊ, ಇಲ್ಲ. ಸಣ್ಣ ಬ್ಯಾಟರಿಗೆ ಚಾರ್ಜ್ ಕೊಡುವುದು ಗಾಡಿ ಓಡಿಸುವ ದೊಡ್ಡ ಬ್ಯಾಟರಿ, ನಡುವೆ ಒಂದು ಕನ್ವರ್ಟರ್. ಗಾಡಿ ಬಂದ್ ಇರುವಾಗ ಸಣ್ಣ ಬ್ಯಾಟರಿ 12.6 ಇದ್ದರೆ ತುಂಬಿದೆ, 12ರ ಕೆಳಗೆ ಬಂದರೆ ಮುಗಿಯಿತು. ರೆಡಿ ಇರುವಾಗ 14ರ ಆಸುಪಾಸು ಇರಬೇಕು. ಇಲ್ಲದಿದ್ದರೆ ಕನ್ವರ್ಟರ್ ಕಡೆ ನೋಡಬೇಕು, ಅದು ನಿಮ್ಮ ಕೆಲಸ ಅಲ್ಲ. ಕಿತ್ತಳೆ ಬಣ್ಣದ ವೈರು ಎಲ್ಲಿ ಕಂಡರೂ ಕೈ ಹಿಂದೆ. ಅದರಲ್ಲಿ ನೂರಾರು ವೋಲ್ಟು.

ಸೆನ್ಸರೇ ಹಾಳಾಗುವುದಿಲ್ಲವಾ ಅಂತ ಕೇಳಬಹುದು. ಆಗುತ್ತದೆ. ಫೋರ್ಡ್ ಕಂಪೆನಿ 2014ರಲ್ಲಿ ಟಾರ್ಕ್ ಸೆನ್ಸರಿನ ತೊಂದರೆಗೆ 2008ರಿಂದ 2011ರ ಎಸ್ಕೇಪ್, ಮರ್ಕ್ಯುರಿ ಮರೀನರ್ ಗಾಡಿಗಳನ್ನು ಉತ್ತರ ಅಮೆರಿಕದಲ್ಲಿ ವಾಪಸ್ ಕರೆಸಿತು. 9 ಲಕ್ಷಕ್ಕೂ ಜಾಸ್ತಿ ಗಾಡಿ. ಇಚ್ಚನ ಗಾಡಿ ಅದಲ್ಲ ಬಿಡಿ. ಸೆನ್ಸರ್ ಹಾಳಾದರೆ ಬದಲಿಸಲೇಬೇಕು. ಆದರೆ ಅದಕ್ಕೆ ಮೊದಲು ಎಂತ ನೋಡಬೇಕು? ಹೇಳಿ ನೋಡುವ. ಬ್ಯಾಟರಿ, ಅರ್ತಿಂಗ್. ತೋಟದ ಪಂಪು ನೀರು ಎತ್ತದಿದ್ದರೆ ನೀವು ಹೊಸ ಪಂಪು ತರುತ್ತೀರಾ, ಫುಟ್‌ವಾಲ್ವಿನಲ್ಲಿ ಎಲೆ ಸಿಕ್ಕಿದೆಯಾ ಅಂತ ನೋಡುತ್ತೀರಾ?

ಸ್ಟೀರಿಂಗನ್ನು ಕೊನೆಯ ತನಕ ತಿರುಗಿಸಿ ಅಲ್ಲೇ ಒತ್ತಿ ಹಿಡಿಯಬೇಡಿ, ಮೋಟಾರು ಬಿಸಿಯಾಗಿ ತಾನೇ ಕಡಿಮೆ ಮಾಡಿಕೊಳ್ಳುತ್ತದೆ. ಟಯರಿನ ಗಾಳಿ ನೋಡಿ.

ಕೇಳುಗರೊಬ್ಬರ ಪ್ರಶ್ನೆ ಅಂತ ಒಂದು ಚೀಟಿ ಕೊಟ್ಟಿದ್ದಾರೆ. ಕರೆಂಟಿನ ಸ್ಟೀರಿಂಗಿಗೆ ಎಷ್ಟು ಕಿಲೋಮೀಟರಿಗೊಮ್ಮೆ ಪವರ್ ಸ್ಟೀರಿಂಗ್ ಆಯಿಲ್ ಬದಲಿಸಬೇಕು, ಸರ್ವಿಸಿನವರು ಬಿಲ್ಲು ಹಾಕಿದ್ದಾರೆ ಅಂತ.

ಅದರಲ್ಲಿ ಎಣ್ಣೆಯೇ ಇಲ್ಲ ಮಾರಾಯ್ರೇ. ಬಿಲ್ಲು ಹಿಡಿದುಕೊಂಡು ವಾಪಸ್ ಹೋಗಿ, ಎಲ್ಲಿಗೆ ಹಾಕಿದಿರಿ ತೋರಿಸಿ ಅನ್ನಿ.

ನಮಸ್ಕಾರ.