ಕಾರಿನ ಮಾಡಿಗೆ ಹೊಸ ಬಟ್ಟೆ

ಈಗ ಕೇಳ್ತಿರೋದು ಮಳೆ ಸದ್ದು. ಹೋದ ವರ್ಷ ಜುಲೈಯಲ್ಲಿ ತೆಗೆದ ವಿಡಿಯೊ ಇದು. ಅವರ್ಸಾದ ನಮ್ಮ ಮನೆ ಅಂಗಳದಲ್ಲಿ ಕಾರಿನ ಒಳಗೇ ಕೂತಿದ್ದೇನೆ. ಕ್ಯಾಮೆರಾ ಮೇಲಕ್ಕೆ ತಿರುಗಿಸ್ತೇನೆ, ನೋಡಿ. ಮದುವೆ ಚಪ್ಪರದ ಬಟ್ಟೆಯಲ್ಲಿ ನೀರು ನಿಂತು ಜೋತು ಬೀಳ್ತದಲ್ಲ, ಹಾಗೇ ಕಾಣ್ತದೆ. ಇಲ್ಲಿ ನೀರಿಲ್ಲ, ಬರೀ ಗಾಳಿ. ಕಾರಿನ ಮಾಡಿನ ಬಟ್ಟೆ ತನ್ನ ಹಲಗೆ ಬಿಟ್ಟು ಕೆಳಗೆ ಬಂದಿದೆ. ರೂಫ್ ಲೈನಿಂಗ್ ಅಂತಾರೆ ಇದಕ್ಕೆ.

ಅಲ್ಲಲ್ಲಿ ಮಿಂಚೋದು ಗುಂಡುಪಿನ್ನುಗಳು, ಅಪ್ಪ ಚುಚ್ಚಿದ್ದು. ಮೊದಲು ಹಿಂದಿನ ಗಾಜಿನ ಹತ್ತಿರ ನಾಲ್ಕು ಚುಚ್ಚಿದ್ರು, ಆಮೇಲೆ ದೀಪದ ಸುತ್ತ. ಬಟ್ಟೆ ಇಳಿದಲ್ಲೆಲ್ಲ ಪಿನ್ನು ಹಿಂಬಾಲಿಸ್ತಾ ಹೋಯ್ತು. ಕೊನೆಗೆ ಕನ್ನಡಿಯಲ್ಲಿ ಹಿಂದಿನ ಗಾಜಿನ ಬದಲು ಬಟ್ಟೆಯೇ ಕಾಣೋಕೆ ಶುರುವಾಯ್ತು. ಹೆದ್ದಾರಿ 66ರಲ್ಲಿ ಹಿಂದೆ ಲಾರಿ ಬರ್ತಿದೆಯೋ ಬಸ್ಸು ಬರ್ತಿದೆಯೋ ತಿಳೀದೆ ಗಾಡಿ ಓಡಿಸೋದು ತಮಾಷೆಯಲ್ಲ. ಆದ್ರೆ ನನ್ನ ಮನಸ್ಸಿಗೆ ನಾಟಿದ್ದು ಬೇರೆ ಸಂಗತಿ. ಆಯಿ, ಅಂದ್ರೆ ನನ್ನ ಅಮ್ಮ, ಎಲ್ಲಿಗೆ ಹೊರಟ್ರೂ ತಲೆಗೆ ಅಬ್ಬಲಿಗೆ ದಂಡೆ ಮುಡೀತಾಳೆ. ಹಿಂದಿನ ಸೀಟಲ್ಲಿ ಕೂತ್ರೆ ಜೋತುಬಿದ್ದ ಬಟ್ಟೆ ಆ ದಂಡೆಗೆ ತಾಗ್ತಿತ್ತು. ದೇವಸ್ಥಾನದ ಎದುರು ಇಳಿದಾಗ ಹೂವಿನ ಮೇಲೂ ಬಿಳಿ ಕೂದಲ ಮೇಲೂ ಕಂದು ಪುಡಿ. ಅದನ್ನ ಸೆರಗಲ್ಲಿ ಒರೆಸ್ಕೊಂಡು ಸುಮ್ಮನೆ ಒಳಗೆ ಹೋಗ್ತಿದ್ಲು. ಒಂದು ಮಾತೂ ಆಡ್ಲಿಲ್ಲ.

ಕಾರು 2003ರ ಮಾಡೆಲ್. ಕೆಎ 30, ಅಂದ್ರೆ ಕಾರವಾರದ್ದೇ ನೋಂದಣಿ. ಅಪ್ಪ ಹೊಸದೇ ಕೊಂಡದ್ದು. ಎಂಜಿನ್ ಇವತ್ತಿಗೂ ಒಂದೇ ಸೆಲ್ಫ್ ಸ್ಟಾರ್ಟಿಗೆ ಏಳ್ತದೆ. ತಗಡಿಗೆ ತುಕ್ಕು ಹಿಡೀದ ಹಾಗೆ ಪ್ರತಿ ಮಳೆಗಾಲದ ಮೊದಲು ಅಡಿಗೆ ಕೋಟಿಂಗ್ ಮಾಡಿಸ್ತಾರೆ. ಇಷ್ಟು ಜೋಪಾನ ಮಾಡಿದ ಗಾಡಿ ಒಳಗಿನಿಂದ ಹೀಗೆ ಉದುರೋದನ್ನ ನನಗೆ ನೋಡ್ಲಿಕ್ಕೆ ಆಗ್ಲಿಲ್ಲ.

ಅದೇ ಜುಲೈಯಲ್ಲಿ ನಾನೊಂದು ತಪ್ಪು ಮಾಡಿದೆ. ಸ್ಪ್ರೇ ಗಮ್ ಡಬ್ಬಿ ತಂದು, ಮುಂದಿನ ಅಂಚು ಬಿಚ್ಚಿ, ಒಳಗೆ ಹೊಡೆದು, ಅಂಗೈಯಲ್ಲಿ ಒತ್ತಿದೆ. ಚೆಂದ ಕೂತಿತು. ನಾಲ್ಕು ದಿನ ಇತ್ತು. ಐದನೇ ದಿನ ಮಧ್ಯಾಹ್ನ ಮೋಡ ಸರಿದು ಬಿಸಿಲು ಬಂತು, ಸಂಜೆಯೊಳಗೆ ಮೊದಲಿಗಿಂತ ಕೆಳಗೆ ಬಂತು. ಗಮ್ ಕುಡಿದ ಜಾಗ ಹಪ್ಪಳದ ಹಾಗೆ ಗಟ್ಟಿಯಾಗಿ, ಬಟ್ಟೆಯ ಮೇಲೆ ಕಲೆ ಬಿತ್ತು.

ಆಮೇಲೆ ಕಾರವಾರ ಪೇಟೆಯ ಒಂದು ಕುಶನ್ ಅಂಗಡಿಗೆ ಹೋದೆ. ಹಳೇ ಕೆಲಸಗಾರರು, ಎಲ್ಲರೂ ಮಾಮ ಅಂತಲೇ ಕರೀತಾರೆ. ಅವರು ಕಾರಿನೊಳಗೆ ತಲೆ ಹಾಕಿ, ಬಟ್ಟೆಯ ಹಿಂದೆ ಎರಡು ಬೆರಳು ತೂರಿಸಿ, ಒಂದು ಚಿಟಿಕೆ ಪುಡಿ ತೆಗೆದು ನನ್ನ ಅಂಗೈಗೆ ಹಾಕಿದ್ರು.

"ತಮಾ, ಗಮ್ ಬಿಟ್ಟದ್ದಲ್ಲ ಇದು. ಗಮ್ ಇನ್ನೂ ಹಲಗೆಗೆ ಹಿಡ್ಕೊಂಡೇ ಇದೆ. ನಡುವಿನ ಫೋಮ್ ಸತ್ತಿದೆ. ಸತ್ತದ್ದರ ಮೇಲೆ ಎಷ್ಟು ಗಮ್ ಹೊಡೆದ್ರೂ ಯಾವುದನ್ನ ಹಿಡೀಬೇಕು ಅದು?"

ನಾನು ಇಷ್ಟು ದಿನ ತಿಳೀದೆ ಇದ್ದದ್ದು ಇದೇ. ಈ ಲೈನಿಂಗ್ ಮೂರು ಪದರದ್ದು. ಮೇಲೆ ಒತ್ತಿ ಅಚ್ಚು ಹಾಕಿದ ಗಟ್ಟಿ ಹಲಗೆ, ಕೆಳಗೆ ನಮಗೆ ಕಾಣುವ ಬಟ್ಟೆ, ಇವೆರಡರ ನಡುವೆ ಬಟ್ಟೆಯ ಬೆನ್ನಿಗೆ ಅಂಟಿಸಿದ 3 ಮಿಲಿಮೀಟರ್ ದಪ್ಪದ ಪಾಲಿಯುರೆಥೇನ್ ಫೋಮ್. ಬಟ್ಟೆ ಮೆತ್ತಗೆ ಅನಿಸೋದು, ಹಲಗೆಯ ಉಬ್ಬುತಗ್ಗು ಕಾಣದೇ ಇರೋದು ಆ ಫೋಮ್‌ನಿಂದ. ಆದ್ರೆ ಬಿಸಿ ಮತ್ತು ತೇವ ಎರಡೂ ಸೇರಿದ್ರೆ ಅದರ ರಾಸಾಯನಿಕ ಕೊಂಡಿಗಳು ಒಂದೊಂದೇ ತುಂಡಾಗ್ತವೆ. ಸ್ಪಂಜಿನ ಹಾಗಿದ್ದದ್ದು ಪುಡಿಯಾಗ್ತದೆ, ಇಲ್ಲವೇ ಅಂಟಂಟು ಆಗ್ತದೆ.

ನಮ್ಮ ಕರಾವಳಿಯಲ್ಲಿ ಈ ಎರಡಕ್ಕೂ ಬರ ಇಲ್ಲ. ಕಾರವಾರದಲ್ಲಿ ವರ್ಷಕ್ಕೆ 3000 ಮಿಲಿಮೀಟರ್‌ಗೂ ಮೇಲೆ ಮಳೆ, ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಉಳಿದ ದಿನ ಕಡಲ ಗಾಳಿಯ ತೇವ. ಇನ್ನು ಬಿಸಿಲಿನ ಕತೆ. ನಮ್ಮ ಮನೆ ಸುತ್ತ ಪೂರ್ತಿ ತೆಂಗು. ತೆಂಗಿನ ಬುಡದಲ್ಲಿ ಯಾರೂ ಕಾರು ನಿಲ್ಲಿಸೋದಿಲ್ಲ, ಒಂದು ಕಾಯಿ ಬಿದ್ರೆ ಗಾಜು ಹೋಯ್ತು. ಹಾಗಾಗಿ 20 ವರ್ಷವೂ ಈ ಕಾರು ನೆರಳು ಬಿಟ್ಟು ಅಂಗಳದ ನಟ್ಟನಡುವೆ ನಿಂತಿದೆ. ಗಾಜು ಏರಿಸಿ ಬಿಸಿಲಲ್ಲಿ ನಿಂತ ಕಾರಿನ ಒಳಗಿನ ಗಾಳಿ 50 ಡಿಗ್ರಿ ದಾಟೋದು ಸುಲಭ. ಮೇಲಿನ ತಗಡು ಅದಕ್ಕಿಂತ ಹೆಚ್ಚು ಕಾಯ್ತದೆ. ಫೋಮ್ ಇರೋದು ಆ ತಗಡಿಗೆ ಅಂಟಿದ ಹಾಗೇ.

ಮಾಮ ಇನ್ನೊಂದು ಮಾತು ಹೇಳಿದ್ರು. ಅಂಬಾಸಡರ್, ಪದ್ಮಿನಿ ಕಾಲದಲ್ಲಿ ಫೋಮೇ ಇರ್ಲಿಲ್ಲ. ಬಟ್ಟೆಯ ಬೆನ್ನಿಗೆ ಅಡ್ಡಡ್ಡ ಕೊಳವೆ ಹೊಲಿದು, ಅದರೊಳಗೆ ಬಿಲ್ಲಿನ ಹಾಗೆ ಬಗ್ಗಿಸಿದ ಕಬ್ಬಿಣದ ಸರಳು ತೂರಿಸಿ, ಮಾಡಿಗೆ ಸಿಕ್ಕಿಸಿ ಎಳೆದು ಕಟ್ಟೋದು. ಅದು ಹರೀತಿತ್ತು, ಕೊಳೆ ಹಿಡೀತಿತ್ತು, ಹೀಗೆ ಉದುರ್ತಿರ್ಲಿಲ್ಲ. "ಆ ಕೆಲಸ ಹೊಲಿಗೆಯವರದ್ದು, ಇದು ಗಮ್ಮಿನವರದ್ದು" ಅಂದ್ರು. ಹಲಗೆ ಬಿಚ್ಚಿ ತಂದ್ರೆ ಮಾಡಿಕೊಡ್ತೇನೆ ಅಂತಲೂ ಹೇಳಿದ್ರು. ನಾನೇ ಮಾಡ್ತೇನೆ, ನೀವು ಬಟ್ಟೆ ಕೊಡಿ, ಹೇಗೆ ಅಂತ ಹೇಳಿ ಅಂದೆ. ಒಂದು ಕ್ಷಣ ನನ್ನ ಮುಖ ನೋಡಿದ್ರು. ಆಮೇಲೆ ಕುರ್ಚಿ ಎಳೆದು ಕೂರಿಸಿ ಮುಕ್ಕಾಲು ಗಂಟೆ ವಿವರಿಸಿದ್ರು. ಕೊನೆಗೆ ಒಂದೇ ಷರತ್ತು: "ಮಳೆಗಾಲದಲ್ಲಿ ಮುಟ್ಟಬೇಡ. ತೇವದ ಗಾಳಿಗೆ ಗಮ್ಮಿನ ಮೇಲೆ ನೀರಿನ ಪೊರೆ ಕೂರ್ತದೆ. ಡಿಸೆಂಬರ್ ಬರ್ಲಿ."

ಹಾಗಾಗಿ ಇದು ಡಿಸೆಂಬರ್. ಬೆಳಗ್ಗೆ ಎಂಟು ಗಂಟೆ, ಒಣ ಗಾಳಿ, ಅಂಗಳದಲ್ಲಿ ಅಡಿಕೆ ಹರವಿದ್ದು ಕಾಣ್ತದೆ.

ಬಿಚ್ಚೋ ಕೆಲಸ ಬೇಗ ತೋರಿಸ್ತೇನೆ. ಮೊದಲು ಬ್ಯಾಟರಿಯ ನೆಗೆಟಿವ್ ವೈರ್ ಕಳಚಿದೆ. ಎರಡು ಸನ್ ವೈಸರ್, ಕೈ ಹಿಡಿಕೆಗಳು, ನಡುವಿನ ದೀಪ, ಬಾಗಿಲ ಚೌಕಟ್ಟಿನ ರಬ್ಬರ್ ಬೀಡಿಂಗ್, ಕಂಬಗಳ ಪ್ಲಾಸ್ಟಿಕ್ ಕವರು, ಎಲ್ಲ ಬಿಚ್ಚಿದೆ. ಪ್ಲಾಸ್ಟಿಕ್ ಹಳತಾಗಿ ಗರಿಗರಿ ಆಗಿರ್ತದೆ, ಸ್ಕ್ರೂಡ್ರೈವರ್ ಹಾಕಿ ಮೀಟಿದ್ರೆ ಮುರೀತದೆ. ಮೂರು ಕ್ಲಿಪ್ ಹಾಗೇ ಹೋದವು. ಒಂದು ಮಾತು ಗಟ್ಟಿಯಾಗಿ ಹೇಳ್ತೇನೆ: ಹೊಸ ಕಾರುಗಳಲ್ಲಿ ಬಾಗಿಲ ಮೇಲಿನ ಅಂಚಲ್ಲಿ, ಈ ಲೈನಿಂಗ್‌ನ ಹಿಂದೆಯೇ ಕರ್ಟನ್ ಏರ್‌ಬ್ಯಾಗ್ ಇರ್ತದೆ. ನಿಮ್ಮದರಲ್ಲಿ ಅದು ಇದ್ರೆ ದಯವಿಟ್ಟು ಮನೇಲಿ ಕೈ ಹಾಕಬೇಡಿ. ನಮ್ಮದರಲ್ಲಿ ಇಲ್ಲ.

ಮುಂದಿನ ಸೀಟು ಪೂರ್ತಿ ಹಿಂದಕ್ಕೆ ಮಲಗಿಸಿ, ಅಪ್ಪ ಒಂದು ತುದಿ ನಾನೊಂದು ತುದಿ ಹಿಡಿದು, ಹಲಗೆಯನ್ನ ಎಡಗಡೆ ಬಾಗಿಲಿಂದ ಹೊರಗೆ ತಂದ್ವಿ. ಇಡೀ ಕೆಲಸದಲ್ಲಿ ನನಗೆ ಹೆಚ್ಚು ಭಯ ಆದದ್ದು ಇಲ್ಲಿ. ಜಾಸ್ತಿ ಬಗ್ಗಿದ್ರೆ ಹಲಗೆಯಲ್ಲಿ ಮಡಿಕೆ ಬೀಳ್ತದೆ, ಆ ಗೆರೆ ಹೊಸ ಬಟ್ಟೆಯ ಮೇಲೂ ಕಾಣ್ತದೆ. "ನಿಧಾನ, ನಿಧಾನ" ಅಂತ ಅಪ್ಪ ಉಸಿರು ಬಿಗಿಹಿಡಿದು ಹೇಳ್ತಿರೋದು ಕೇಳಿಸ್ತದೆ ನೋಡಿ.

ಇದು ಜಗಲಿ. ಹಲಗೆ ಅಂಗಾತ ಮಲಗಿದೆ. ಬಟ್ಟೆ ಎಳೆದ್ರೆ ಒಂದೇ ಸಲಕ್ಕೆ ಬಂತು, ಯಾವ ಶ್ರಮವೂ ಇಲ್ಲ. ಅದರ ಕೆಳಗಿದೆ ನಿಜವಾದ ಕೆಲಸ. ಕ್ಯಾಮೆರಾ ಹತ್ತಿರ ತರ್ತೇನೆ. ಮುಂದಿನ ಗಾಜಿನ ಕಡೆ ಫೋಮ್ ಒಣಗಿ ರವೆಯ ಹಾಗೆ ಆಗಿದೆ, ಬೆರಳು ತಾಗಿದ್ರೆ ಹಾರ್ತದೆ. ಹಿಂದಕ್ಕೆ ಬಂದ ಹಾಗೆ ಜೋನಿ ಬೆಲ್ಲದ ಬಣ್ಣ, ಜೋನಿ ಬೆಲ್ಲದ್ದೇ ಅಂಟು. ಒಂದೇ ಹಲಗೆ, ಒಂದೇ ವಯಸ್ಸು, ಎರಡು ಥರದ ಸಾವು. ತಂತಿ ಬ್ರಷ್ ಹಾಕಿದ್ರೆ ಹಲಗೆಯ ಮೈ ಕಿತ್ತು ಬರ್ತದೆ. ಪ್ಲಾಸ್ಟಿಕ್ ಬ್ರಷ್ ಅಂಟಿನಲ್ಲಿ ಜಾರ್ತಿತ್ತು. ಆಯಿ ಒಳಗಿಂದ ತೆಂಗಿನ ನಾರಿನ ಬ್ರಷ್ ತಂದುಕೊಟ್ಲು, ಹಂಡೆ ತಿಕ್ಕೋದು. ಇದಕ್ಕೆ ಅದೇ ಸರಿ, ಗೀರೋದಿಲ್ಲ, ಆದ್ರೆ ಬಿಡೋದೂ ಇಲ್ಲ. ಮೂಗಿಗೆ ಮಾಸ್ಕ್ ಇಲ್ಲದೆ ಈ ಕೆಲಸಕ್ಕೆ ಕೂರಬೇಡಿ. ಪುಡಿ ಅಷ್ಟು ನುಣುಪು, ಮೊಣಕೈಯ ಬೆವರಿಗೆ ಅಂಟಿ ಕೆಸರಾಗ್ತದೆ.

ಮೂರೂವರೆ ಗಂಟೆ ಹಿಡೀತು. ಬೆರಳಿಂದ ಸವರಿದಾಗ ಏನೂ ಬರಬಾರದು, ಅಲ್ಲಿವರೆಗೆ ತಿಕ್ಕಬೇಕು. ಹೊಸ ಬಟ್ಟೆ ಎಷ್ಟು ವರ್ಷ ನಿಲ್ತದೆ ಅನ್ನೋದು ಈ ಮೂರೂವರೆ ಗಂಟೆಯಲ್ಲೇ ತೀರ್ಮಾನ ಆಗ್ತದೆ ಅಂತ ನಾನು ನಂಬ್ತೇನೆ.

ವೈಸರ್‌ನ ಸ್ಕ್ರೂ ಕೂರುವ ಮೂಲೆಯಲ್ಲಿ ಹಲಗೆ ಒಡೆದಿತ್ತು. ಅದಕ್ಕೆ ಉಪಾಯ ಹೊಳೆದದ್ದು ಬೈತಖೋಲ್ ಬಂದರಿನಲ್ಲಿ. ಅಲ್ಲಿ ನಾಡದೋಣಿ ಒಡೆದ್ರೆ ಫೈಬರ್ ಮ್ಯಾಟ್ ಇಟ್ಟು, ರೆಸಿನ್‌ಗೆ ಹಾರ್ಡ್ನರ್ ಬೆರೆಸಿ ಹಚ್ತಾರೆ. ದೋಣಿ ಕೆಲಸದ ಸ್ನೇಹಿತನ ಹತ್ತಿರ ಒಂದು ಗೇಣು ಮ್ಯಾಟ್, ಒಂದು ಲೋಟ ರೆಸಿನ್ ತಂದೆ. ಹಲಗೆಯ ಹಿಂಬದಿಗೆ, ಅಂದ್ರೆ ಕಾಣದ ಕಡೆಗೆ, ತೆಳುವಾಗಿ ಒಂದು ಪದರ. ಸಂಜೆಯೊಳಗೆ ಕಲ್ಲಾಯ್ತು. ಅಲೆಯ ಹೊಡೆತ ತಡೆಯೋ ವಸ್ತು, ಒಂದು ಸ್ಕ್ರೂ ತಡೆಯೋದು ದೊಡ್ಡದಲ್ಲ.

ಎರಡನೇ ದಿನ, ಗಮ್. ಬಚ್ಚಲ ಹಂಡೆ ಒಲೆಯನ್ನ ಅವತ್ತು ಹೊತ್ತಿಸ್ಲೇ ಇಲ್ಲ, ಆಯಿಗೆ ಹಿಂದಿನ ರಾತ್ರಿಯೇ ಹೇಳಿದ್ದೆ. ಈ ಗಮ್ಮಿನ ಆವಿಗೆ ಕಿಡಿ ತಾಗಿದ್ರೆ ಧಗ್ಗನೆ ಹೊತ್ತುತ್ತದೆ. ಮಾಮ ಕೊಟ್ಟದ್ದು ಬಿಸಿ ತಡೆಯುವ ಗಮ್ ಒಂದು ಲೀಟರ್, ಫೋಮ್ ಅಂಟಿದ ತಿಳಿ ಬೂದು ಬಟ್ಟೆ ಎರಡು ಮೀಟರ್. ಹಲಗೆಗೂ ಹಚ್ಚಬೇಕು, ಫೋಮ್‌ಗೂ ಹಚ್ಚಬೇಕು. ಆಮೇಲೆ ಕಾಯಬೇಕು. ಬೆರಳ ಗಿಣ್ಣು ತಾಗಿಸಿದ್ರೆ ಜಿಗುಟು ಅನಿಸ್ಬೇಕು, ಗಿಣ್ಣಿಗೆ ಗಮ್ ಬರಬಾರದು. ಹಸಿಯಿರುವಾಗಲೇ ಇಟ್ರೆ ಗಮ್ ಫೋಮ್ ದಾಟಿ ಬಟ್ಟೆಯಲ್ಲಿ ಕಲೆಯಾಗಿ ಏಳ್ತದೆ, ನನ್ನ ಜುಲೈ ಕೆಲಸದ ಹಾಗೆ.

ಬಟ್ಟೆಯ ಅರ್ಧ ಮಡಚಿಟ್ಟು, ನಡುಗೆರೆಯಿಂದ ಶುರು ಮಾಡಿದೆ. ಒಮ್ಮೆ ತಾಗಿದ ಮೇಲೆ ಸರಿಸಲಿಕ್ಕೆ ಆಗೋದಿಲ್ಲ. ಎಳೆದ್ರೆ ಫೋಮ್ ಹರೀತದೆ. ಮೊದಲ ಒಂದಡಿಯಲ್ಲೇ ನನಗೆ ನೆರಿಗೆ ಬಿತ್ತು. ಜಗಲಿಯ ಮೆಟ್ಟಿಲಲ್ಲಿ ಕೂತು ನೋಡ್ತಿದ್ದ ಆಯಿ ಎದ್ದು ಬಂದು, "ಸರಿ ಅತ್ಲಾಗೆ, ಒತ್ತಬೇಡ, ಸವರು" ಅಂದ್ಲು.

ಆಯಿಯ ತವರು ಶಿರಸಿ. ತೊಡೆದೇವು ಅನ್ನೋ ತೆಳು ಸಿಹಿತಿಂಡಿ ಮಾಡಿ ಬೆಳೆದ ಕೈ. ಅಕ್ಕಿ ಹಿಟ್ಟಿಗೆ ಕಬ್ಬಿನ ಹಾಲು ಬೆರೆಸಿ, ಕವುಚಿಟ್ಟ ಮಡಕೆಯ ಬೆನ್ನ ಮೇಲೆ ಬಟ್ಟೆಯಿಂದ ಒಂದೇ ಸಲ ಎಳೀಬೇಕು, ಕಾಗದದಷ್ಟು ತೆಳುವಾಗಿ. ಎರಡನೇ ಸಲ ಕೈ ಹೋದ್ರೆ ಕೆಡ್ತದೆ. ಆ ಕೈಯನ್ನ ಈಗ ನೋಡಿ. ನಡುವಿಂದ ಹೊರಗೆ, ಅಂಗೈ ಚಪ್ಪಟೆ, ಭಾರ ಇಲ್ಲ. ದೀಪದ ತಗ್ಗು ಬಂದಾಗ ಬೆರಳ ತುದಿಯಿಂದ ಮೊದಲು ತಗ್ಗಿನ ತಳ ಮುಟ್ಟಿ, ಆಮೇಲೆ ಅಂಚಿಗೆ ಏರ್ತಾಳೆ. ಮಾಮ ಹೇಳಿದ್ದೂ ಅದನ್ನೇ, ತಗ್ಗಿನ ಮೇಲೆ ಬಟ್ಟೆ ಡೋಲಿನ ಚರ್ಮದ ಹಾಗೆ ಬಿಗೀಬಾರದು, ಬಿಸಿಲಿಗೆ ಮೊದಲು ಬಿಡೋದು ಅಲ್ಲೇ. ಅವಳಿಗೆ ಅದನ್ನ ಯಾರೂ ಹೇಳಿರ್ಲಿಲ್ಲ. ಉಳಿದ ಬಟ್ಟೆಗೆ ನಾನು ಮುಂದೆ ಮುಂದೆ ಹಿಡ್ಕೊಂಡು ಹೋದೆ ಅಷ್ಟೇ.

ಅಂಚನ್ನ ಒಂದು ಇಂಚು ಹಿಂದಕ್ಕೆ ಮಡಚಿ ಅಂಟಿಸಿ, ಒಂದು ಹಗಲು ಒಂದು ರಾತ್ರಿ ಹಾಗೇ ಬಿಟ್ವಿ. ದೀಪ, ಹಿಡಿಕೆಗಳ ತೂತು ಕತ್ತರಿಸಿದ್ದು ಆಮೇಲೆ, ಬ್ಲೇಡಿನಿಂದ ಸಣ್ಣ ಅಡ್ಡ ಗೀರು, ಉದ್ದ ಗೀರು. ಜೋಡಿಸೋದು ಬಿಚ್ಚಿದ್ದರ ಉಲ್ಟಾ. ಹಿಂದಿನ ಗಾಜಿನ ಎಡ ಮೂಲೆಯಲ್ಲಿ ಕಾಣ್ತಿರೋ ನೆರಿಗೆ ನನ್ನದು, ಮೊದಲ ಒಂದಡಿಯದ್ದು. ಅದನ್ನ ಮುಚ್ಚಿಡೋದಿಲ್ಲ.

ಈಗ ಏಪ್ರಿಲ್. ನಾಲ್ಕು ತಿಂಗಳು ಅದೇ ಅಂಗಳ, ಅದೇ ಬಿಸಿಲು. ಪ್ರತಿ ವಾರ ಹೆಬ್ಬೆರಳಿಂದ ಒತ್ತಿ ನೋಡ್ತೇನೆ, ಎಲ್ಲೂ ಬಿಟ್ಟಿಲ್ಲ. ಅಪ್ಪ ಹಳೇ ಬಟ್ಟೆಯಿಂದ ಪಿನ್ನು ಒಂದೊಂದೇ ಕಿತ್ತು ಆಯಿಯ ಹೊಲಿಗೆ ಡಬ್ಬಿಗೆ ಹಾಕಿದ್ರು. ನಲವತ್ತಾರು ಇದ್ದವು.

ಇದು ಕೊನೆಯ ತುಣುಕು. ಕುಮಟಾ ದಾಟಿ, ಕತಗಾಲ ದಾಟಿ ದೇವಿಮನೆ ಘಾಟಿ ಹತ್ತುತ್ತಿದ್ದೇವೆ. ಆಯಿಯನ್ನ ತವರಿಗೆ ಕರ್ಕೊಂಡು ಹೋಗ್ತಿದ್ದೇನೆ. ನಾಲ್ಕೂ ಗಾಜು ಇಳಿಸಿದೆ. ಮೊದಲು ಹೀಗೆ ಗಾಳಿ ಬಂದ್ರೆ ತಲೆ ಮೇಲೆ ಪಟಪಟ ಸದ್ದು ಏಳ್ತಿತ್ತು. ಈಗ ಸೆಕೆಂಡ್ ಗೇರಿನ ಎಂಜಿನ್ ಸದ್ದು, ಕಾಡಿನ ಜೀರುಂಡೆ, ಅಷ್ಟೇ. ಕನ್ನಡಿಯಲ್ಲಿ ಹಿಂದಿನ ಗಾಜು ಪೂರ್ತಿ ಕಾಣ್ತದೆ, ಗಾಜಿನ ಎದುರು ಅಬ್ಬಲಿಗೆ ದಂಡೆ. ಮೇಲೆ ಒಂದು ಗೇಣು ಜಾಗ ಖಾಲಿ.

"ಮೇಲೆ ಎಲ್ಲಾದ್ರೂ ಕೋಕಂ ಶರಬತ್ತು ಸಿಕ್ರೆ ನಿಲ್ಸು, ತಮಾ" ಅಂದ್ಲು.

ನಿಲ್ಲಿಸಿದೆ.