ಬೀದಿ ಮಕ್ಕಳ ಬಳಿಗೆ ಹೋಗುವ ದಾರಿ

ಕೇಳುಗರೇ, ನಮಸ್ಕಾರ.

ಪ್ರಪಂಚದಲ್ಲಿ ಬೀದಿ ಮಕ್ಕಳು ಎಷ್ಟಿದ್ದಾರೆ ಎಂದರೆ ಹತ್ತು ಕೋಟಿ ಎಂಬ ಉತ್ತರವನ್ನು ನೀವೂ ಕೇಳಿರಬಹುದು. 1980ರ ದಶಕದಿಂದ ಬಾಯಿಂದ ಬಾಯಿಗೆ ಹರಿದುಬಂದ ಈ ಅಂಕಿಯ ಹಿಂದೆ ಸರಿಯಾದ ಎಣಿಕೆ ಇಲ್ಲ. ಮನೆಮನೆಗೆ ಹೋಗುವ ಗಣತಿದಾರರಿಗೆ ಮನೆಯೇ ಇಲ್ಲದ ಮಗು ಸಿಗುವುದಾದರೂ ಹೇಗೆ? ಹಾಗಾಗಿ ಒಂದೊಂದು ನಗರದಲ್ಲಿ ಬೇರೆ ಲೆಕ್ಕ ನಡೆಯುತ್ತದೆ. ಒಂದು ರಾತ್ರಿ ನಿಲ್ದಾಣ, ಮಾರುಕಟ್ಟೆ, ಸೇತುವೆಯಡಿ ಕಂಡ ಮಕ್ಕಳನ್ನು ಗುರುತು ಹಾಕಿಕೊಂಡು, ಕೆಲವು ದಿನ ಬಿಟ್ಟು ಅದೇ ಜಾಗಗಳಲ್ಲಿ ಮತ್ತೆ ಎಣಿಸುತ್ತಾರೆ. ಮೊದಲು 100, ಆಮೇಲೆ 80, ಎರಡೂ ಸಲ ಸಿಕ್ಕವರು 40 ಎಂದಾದರೆ, ಎರಡನೆಯ ಸಲ ಕಂಡವರಲ್ಲಿ ಅರ್ಧದಷ್ಟು ಮಂದಿ ಮೊದಲೇ ಗುರುತಾದವರು; ಅಂದರೆ ಮೊದಲ 100 ಒಟ್ಟಿನ ಅರ್ಧ, ಒಟ್ಟು ಸುಮಾರು 200 ಮಕ್ಕಳಿದ್ದಾರೆ ಎಂದು ಅಂದಾಜು. ಇಲ್ಲೂ ಹುಡುಗಿಯರು ತಪ್ಪಿಹೋಗುತ್ತಾರೆ. ಕೆಲವರು ಹುಡುಗರ ವೇಷದಲ್ಲಿರುತ್ತಾರೆ, ಇನ್ನು ಕೆಲವರು ಯಾರದೋ ಬಾಗಿಲೊಳಗೆ ದುಡಿಯುತ್ತಿರುತ್ತಾರೆ.

ಎಲ್ಲರ ಪಾಡೂ ಒಂದೇ ಅಲ್ಲ. ಹಗಲೆಲ್ಲ ಬೀದಿಯಲ್ಲಿ ದುಡಿದು ರಾತ್ರಿ ಮನೆ ಸೇರುವವರೇ ಹೆಚ್ಚು. ಅವರಿಗೆ ಬೇಕಾದದ್ದು ತಾಯಿಗೊಂದು ಆದಾಯ, ಕೆಲಸದ ವೇಳೆಗೆ ಹೊಂದುವ ಪಾಠ. ಫಿಲಿಪ್ಪೀನ್ಸ್‌ನಲ್ಲಿ ಎಫ್ರೆನ್ ಪೆನ್ಯಾಫ್ಲೋರಿಡಾ ಮತ್ತು ಗೆಳೆಯರು ತಳ್ಳುಗಾಡಿಯಲ್ಲಿ ಪುಸ್ತಕ, ಕರಿಹಲಗೆ ತುಂಬಿಕೊಂಡು ಮಕ್ಕಳಿದ್ದಲ್ಲಿಗೇ ಹೋದರು. ಕುಟುಂಬ ಸಮೇತ ಬೀದಿಯಲ್ಲಿರುವವರಿಗೆ ಸೂರು ಬೇಕು. ಮನೆಯ ನಂಟೇ ಕಡಿದುಕೊಂಡು ಒಂಟಿಯಾಗಿ ಬದುಕುವ ಮಗುವಿನ ವಿಷಯ ಮಾತ್ರ ತುಂಬ ನಾಜೂಕು.

ಇಂಥ ಮಗುವನ್ನು ಹಿಡಿದು ವ್ಯಾನಿಗೆ ಹತ್ತಿಸುವುದು ಅನೇಕ ಆಡಳಿತಗಳಿಗೆ ಸುಲಭವಾಗಿ ಕಾಣುವ ಉಪಾಯ. ಬೀಗ ಹಾಕಿದ ಕಟ್ಟಡದಿಂದ ಮಗು ಓಡಿಹೋಗುತ್ತದೆ, ಮುಂದೆ ಯಾವ ಹಿರಿಯರನ್ನೂ ನಂಬುವುದಿಲ್ಲ. ಸಮವಸ್ತ್ರವನ್ನು ಕಂಡರೆ ಮಕ್ಕಳು ಹೆದರುವುದಕ್ಕೆ ಕಾರಣವಿದೆ. 1993ರ ಜುಲೈನಲ್ಲಿ ರಿಯೋ ಡಿ ಜನೈರೋದ ಕ್ಯಾಂಡೆಲಾರಿಯಾ ಚರ್ಚಿನ ಬಳಿ ಮಲಗಿದ್ದವರ ಮೇಲೆ ಗುಂಡು ಹಾರಿಸಿ ಎಂಟು ಮಂದಿ ಮಕ್ಕಳು ಮತ್ತು ತರುಣರನ್ನು ಕೊಂದರು, ಶಿಕ್ಷೆಯಾದವರಲ್ಲಿ ಪೊಲೀಸರಿದ್ದರು. ಭಿಕ್ಷೆ, ಅಲೆದಾಟ, ಮನೆ ಬಿಟ್ಟು ಓಡುವುದು ಇವನ್ನು ಅಪರಾಧವೆಂದು ಎಣಿಸಬಾರದು ಎಂದು ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಸಮಿತಿ 2017ರಲ್ಲಿ ತನ್ನ 21ನೆಯ ಸಾಮಾನ್ಯ ಟಿಪ್ಪಣಿಯಲ್ಲಿ ಸ್ಪಷ್ಟವಾಗಿ ಹೇಳಿತು.

ಬೆನ್ನಟ್ಟಬಾರದು ಎನ್ನುವುದಕ್ಕೆ ಇನ್ನೊಂದು ಕಾರಣ ಅಂಟು. ಅಂಟು, ಥಿನ್ನರ್‌ಗಳಲ್ಲಿರುವ ಟೊಲ್ಯೂಯಿನ್ ಎಂಬ ರಾಸಾಯನಿಕದ ಆವಿ ಮೂಸಿದರೆ ಹಸಿವು, ಚಳಿ, ಭಯ ಕೆಲಹೊತ್ತು ಮರೆಯಾಗುತ್ತವೆ. ಆದರೆ ಆ ಹೊತ್ತಿನಲ್ಲಿ ಹೃದಯ, ಹೆದರಿದಾಗ ಮೈಯಲ್ಲಿ ಏರುವ ಅಡ್ರಿನಲಿನ್‌ಗೆ ಅತಿಯಾಗಿ ಸ್ಪಂದಿಸುತ್ತದೆ. ಗದರಿಸಿ ಓಡಿಸಿದರೆ ಬಡಿತ ತಪ್ಪಿ ಮಗು ಅಲ್ಲೇ ಸಾಯಬಹುದು. ಡಬ್ಬಿ ಕಸಿಯಲು ಕಾದಾಡಬೇಡಿ. ಮೆಲ್ಲಗೆ ಮಾತಾಡಿ ಗಾಳಿಯಾಡುವ ಕಡೆ ಕೂರಿಸಿ, ಪ್ರಜ್ಞೆ ತಪ್ಪಿದ್ದರೂ ಉಸಿರಾಟ ಸರಿಯಾಗಿದ್ದರೆ ಮಗ್ಗುಲಿಗೆ ಮಲಗಿಸಿ, ಕೂಡಲೇ ಆಂಬುಲೆನ್ಸ್ ಕರೆಸಿ.

ಫಲ ಕೊಡುವ ಕೆಲಸ ನಿಧಾನದ್ದು. ಕಾರ್ಯಕರ್ತರು ಇಬ್ಬಿಬ್ಬರಾಗಿ, ಅದೇ ಜಾಗಕ್ಕೆ, ಅದೇ ಹೊತ್ತಿಗೆ ಹೋಗುತ್ತಾರೆ. ಮೊದಲ ವಾರಗಳಲ್ಲಿ ಊರು, ಅಪ್ಪ, ಅಮ್ಮ ಎಂದು ಕೆದಕುವುದಿಲ್ಲ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯೊಂದಿದ್ದರೆ ಸಾಕು. ಕಾಲಿನ ಗಾಯ ತೊಳೆದು ಪಟ್ಟಿ ಕಟ್ಟುವಾಗ ಮಗು ತಾನೇ ಬಾಯಿ ಬಿಡುತ್ತದೆ. ಹೊಸ ಬಟ್ಟೆ, ನಗದು ಹಂಚಿದರೆ ಗುಂಪಿನ ದೊಡ್ಡವರು ಕಿತ್ತುಕೊಳ್ಳುತ್ತಾರೆ. ಊಟ, ಸ್ನಾನ, ಬಟ್ಟೆ ಒಗೆಯುವ ಕಲ್ಲು ಇವೆಲ್ಲ ಹತ್ತಿರದ ಹಗಲು ಕೇಂದ್ರದಲ್ಲಿರಲಿ, ಬಾಗಿಲು ಒಳಗೂ ಹೊರಗೂ ತೆರೆದಿರಲಿ. ಹಣ ಇಡಲು ಜಾಗವನ್ನಂತೂ ಮರೆಯಬಾರದು. ರಾತ್ರಿ ಜೇಬಿನಲ್ಲಿ ಕಾಸಿದ್ದರೆ ಹೊಡೆತ ಖಚಿತವಾದ್ದರಿಂದ ಮಕ್ಕಳು ಸಂಜೆಗೇ ಎಲ್ಲ ಖರ್ಚು ಮಾಡಿಬಿಡುತ್ತಾರೆ. ದೆಹಲಿಯ ಬಟರ್‌ಫ್ಲೈಸ್ ಸಂಸ್ಥೆ ಬೆಳೆಸಿದ ಮಕ್ಕಳ ಖಜಾನೆಯಲ್ಲಿ ಲೆಕ್ಕ ಬರೆಯುವವರೂ ಮಕ್ಕಳೇ.

ಮನೆಗೆ ಕಳಿಸುವ ಹಂತದಲ್ಲೇ ಹೆಚ್ಚು ತಪ್ಪಾಗುವುದು. ವಿಳಾಸ ಸಿಕ್ಕಿತೆಂದು ಬಸ್ಸು ಹತ್ತಿಸಿಬಿಡುತ್ತಾರೆ. ಮಗು ಓಡಿಬಂದದ್ದು ಹೊಡೆತಕ್ಕೋ ಹಸಿವಿಗೋ ಮಲತಂದೆಯ ಕಾಟಕ್ಕೋ ಎಂದು ನೋಡದೆ ಕಳಿಸಿದರೆ ಅದು ಮತ್ತೆ ನಿಲ್ದಾಣದಲ್ಲಿರುತ್ತದೆ, ಈ ಸಲ ಇನ್ನೂ ದೂರದ ಊರಿನಲ್ಲಿ. ಆದ್ದರಿಂದ ಕಾರ್ಯಕರ್ತ ಮೊದಲು ಮಗುವನ್ನು ಕರೆದೊಯ್ಯದೆ ಆ ಮನೆಗೆ ಹೋಗಬೇಕು. ಮನೆಯವರೊಂದಿಗೆ, ಅಜ್ಜಿಯೊಂದಿಗೆ, ಶಾಲೆಯ ಮೇಷ್ಟರೊಂದಿಗೆ ಮಾತಾಡಬೇಕು. ಅಪ್ಪನ ಮನೆ ಸರಿಯಿಲ್ಲದಿದ್ದರೆ ಅತ್ತೆಯ ಮನೆಯೋ ಚಿಕ್ಕಮ್ಮನ ಮನೆಯೋ ಆದೀತು. ಅದೂ ಇಲ್ಲವಾದರೆ ಪೋಷಕ ಕುಟುಂಬ ಹುಡುಕಬೇಕು. ಹೋಗಲು ಮಗು ಒಪ್ಪಿರಬೇಕು. ಹೋದ ಮೇಲಿನ ಮೊದಲ ತಿಂಗಳು ಎಲ್ಲಕ್ಕಿಂತ ಕಷ್ಟದ್ದು, ಆಗ ಭೇಟಿಗಳು ಹತ್ತಿರಹತ್ತಿರ ಇರಬೇಕು, ಬರಬರುತ್ತಾ ಅಂತರ ಹೆಚ್ಚಿಸಬಹುದು. ದಾನಿಗಳು ಕಟ್ಟಡಕ್ಕೆ ಹಣ ಕೊಟ್ಟಷ್ಟು ಸಲೀಸಾಗಿ ಈ ಭೇಟಿಗಳ ಬಸ್ ಚಾರ್ಜಿಗೆ ಕೊಡುವುದಿಲ್ಲ. ನೀವು ಯಾವುದಾದರೂ ಸಂಸ್ಥೆಗೆ ನೆರವಾಗಬೇಕೆಂದಿದ್ದರೆ, ಕಳೆದ ವರ್ಷ ಮನೆ ಸೇರಿದ ಮಕ್ಕಳಲ್ಲಿ ಎಷ್ಟು ಮಂದಿ ಈಗಲೂ ಅಲ್ಲಿದ್ದಾರೆ ಎಂದು ಮೊದಲು ಕೇಳಿ, ನಿಮ್ಮ ಹಣ ಆ ಭೇಟಿಗಳಿಗೇ ಸಲ್ಲಲಿ ಎಂದು ಬರೆದುಕೊಡಿ.

ನಮಸ್ಕಾರ.